ಒಂದು ಅನ್ನಬ್ಯಾಡ, ಲಾಭ ಅನ್ನು

2021ರ ಮಾರ್ಚ್ 8, ಸೋಮವಾರ, ಬೆಳಿಗ್ಗೆ ಹತ್ತೂವರೆ. ನನ್ನ ದಿನಚರಿಯಲ್ಲಿ ಆ ಹೊತ್ತಿಗೆ ಇಷ್ಟೇ ಇದೆ: "ಮೇಷ್ಟ್ರಿಗೆ ಎಡ ರಟ್ಟೆ. ಏನೂ ತೊಂದರೆ ಇಲ್ಲ. ಟಿವಿಯವರು ಇನ್ನೂ ಬಂದಿಲ್ಲ."

ಮುಂದಿನ ತಾಪತ್ರಯವೆಲ್ಲ ಆ ಕೊನೆಯ ವಾಕ್ಯದಿಂದಲೇ ಹುಟ್ಟಿತು.

ನಾನು ಆಗ ಸೊರಬ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲಸಿಕೆ ಹಾಕುವ ಕೆಲಸದಲ್ಲಿದ್ದೆ. ಅರವತ್ತು ದಾಟಿದವರಿಗೆ ಕೊರೋನಾ ಲಸಿಕೆ ಶುರುವಾಗಿ ಒಂದು ವಾರವಾಗಿತ್ತು. ನಾವು ಅಂತರ ಬಿಟ್ಟು ಜೋಡಿಸಿಟ್ಟ ಕುರ್ಚಿಗಳು ಖಾಲಿಯಾಗಿಯೇ ಇರುತ್ತಿದ್ದವು. ಜನ ಗೌರವಿಸುವ ಹಿರಿಯರೊಬ್ಬರು ಲಸಿಕೆ ಹಾಕಿಸಿಕೊಂಡು, ಅದು ಕೇಬಲ್ ಟಿವಿಯಲ್ಲಿ ಬಂದರೆ ಉಳಿದವರಿಗೆ ಧೈರ್ಯ ಬಂದೀತು ಎಂದು ನಮ್ಮ ವೈದ್ಯಾಧಿಕಾರಿಗಳು ಯೋಚಿಸಿದರು. ನಿವೃತ್ತ ಮೇಷ್ಟ್ರೊಬ್ಬರು ಕೂಡಲೇ ಒಪ್ಪಿದರು. ಸುತ್ತಲಿನ ಊರುಗಳಲ್ಲಿ ಅವರ ಕೈಯಲ್ಲಿ ಅಕ್ಷರ ಕಲಿಯದವರು ಕಡಿಮೆ.

ಟಿವಿಯವರು ಬಂದದ್ದು ಮೇಷ್ಟ್ರ ಲಸಿಕೆ ಮುಗಿದ ಮೇಲೆ. ನಿಗಾ ಕೋಣೆಯಲ್ಲಿ ಅರ್ಧ ಗಂಟೆ ಕೂರಬೇಕೆಂಬ ನಿಯಮದಂತೆ ಅವರು ಒಳಗೆ ಪೇಪರು ಓದುತ್ತ ಕೂತಿದ್ದರು.

"ಇನ್ನೊಂದ್ಸಲ ಚುಚ್ಚಿದಂಗೆ ಮಾಡಿ ಮೇಡಂ, ಒಂದೇ ನಿಮಿಷ," ಎಂದ ಕ್ಯಾಮೆರಾದವನು.

ಬಳಸಿದ ಸಿರಿಂಜನ್ನು ಆಗಲೇ ಕಟರಿನಲ್ಲಿ ಕತ್ತರಿಸಿ ಡಬ್ಬಕ್ಕೆ ಹಾಕಿಯಾಗಿತ್ತು. ಹೊಸದೊಂದನ್ನು ಬಿಡಿಸಿ ಹಿಡಿದೆ. ಸೂಜಿಯ ಮುಚ್ಚಳ ತೆಗೆಯಲಿಲ್ಲ. ಲಸಿಕೆ ಕೊಡುವುದಿಲ್ಲವಾದರೆ ಬರಿ ಸೂಜಿಯನ್ನು ಯಾರ ಮೈಯ ಹತ್ತಿರವೂ ಒಯ್ಯಬಾರದು. ನಮಗೆ ಕಲಿಸಿದ್ದು ಹಾಗೆ. ಮೇಷ್ಟ್ರು ಮತ್ತೆ ಬಂದು ಕೂತು, ತೋಳು ಮೇಲೆ ಮಡಚಿ, ಹಲ್ಲು ಕಚ್ಚಿ, "ಸ್ಸ್" ಎಂದರು. ಚಿತ್ರ ಚೆನ್ನಾಗಿ ಬಂತೆಂದು ಕ್ಯಾಮೆರಾದವನು ಹೊರಟುಹೋದ.

ಸಂಜೆ ಅದು ಟಿವಿಯಲ್ಲಿ ಬಂತು. ಮರುದಿನ ಅದೇ ತುಣುಕು ಮೊಬೈಲಿನಿಂದ ಮೊಬೈಲಿಗೆ ಓಡಾಡಿತು. ಯಾರೋ ಚಿತ್ರವನ್ನು ನಿಲ್ಲಿಸಿ, ಸೂಜಿಯ ಮುಚ್ಚಳದ ಸುತ್ತ ಕೆಂಪು ಗೆರೆ ಎಳೆದಿದ್ದರು.

ಇಷ್ಟೇ ಆಗಿದ್ದರೆ ವಿವರಿಸಿ ಹೇಳಬಹುದಿತ್ತು. ಆದರೆ ಮೇಷ್ಟ್ರು ಪಾಠಕ್ಕಿಂತ ನಾಟಕಕ್ಕೇ ಹೆಚ್ಚು ಹೆಸರಾದವರು ಎಂಬುದು ನಮ್ಮಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ. ಪ್ರತಿ ವರ್ಷ ಊರಿನವರು ಆಡುವ ನಾಟಕದಲ್ಲಿ ಅವರದೇ ದೊಡ್ಡ ಪಾತ್ರ. ಕೊನೆಯ ದೃಶ್ಯದಲ್ಲಿ ಅವರು ಸಾಯುವುದನ್ನು ನೋಡಲೆಂದೇ ಪಕ್ಕದೂರಿನವರು ಬರುತ್ತಿದ್ದರು. ಮನೆಮನೆ ಸುತ್ತಿ ಜನರನ್ನು ಕರೆತರುವ ನಮ್ಮ ಆಶಾ ಕಾರ್ಯಕರ್ತೆ, ನಾನು ಅಕ್ಕ ಎನ್ನುತ್ತಿದ್ದವರು, ಬುಧವಾರ ಬ್ಯಾಗನ್ನು ಮೇಜಿನ ಮೇಲೆ ಬಡಿದು ಕೂತರು.

"ಎಂತ ಹೇಳೂದೇ ಮಾರಾಯ್ತಿ. ಹೋಟ್ಲಲ್ಲಿ ಎಲ್ರೂ ಸಿಳ್ಳೆ ಹೊಡ್ದು ನೋಡ್ತಾ ಇದಾರೆ. 'ಮೇಷ್ಟ್ರು ಇನ್ನೂ ಪಾರ್ಟು ಬಿಟ್ಟಿಲ್ಲ' ಅಂತಾರೆ. 'ಸ್ಟೇಜ್ ಮೇಲೆ ಅಷ್ಟು ಸಲ ಸತ್ತು ಎದ್ದು ಬಂದೋರಿಗೆ, ಸೂಜಿ ಚುಚ್ಚಿಸ್ಕಂಡಂಗೆ ಮಾಡೂದು ಎಂತ ಮಹಾ' ಅಂತಾರೆ."

"ಮೇಷ್ಟ್ರು ಏನಂದ್ರು?"

"ಪಾಪ, ಕೂತಿದಾರೆ ಜಗಲಿ ಮೇಲೆ. 'ಜೀವಮಾನದಲ್ಲಿ ಒಂದ್ಸಲ ನಿಜವಾಗ್ಲೂ ಚುಚ್ಚಿಸ್ಕಂಡೆ, ಅದಕ್ಕೇ ಚಪ್ಪಾಳೆ ಬಿತ್ತಲ್ಲ ತಂಗಿ' ಅಂದ್ರು."

ನಗು ಬಂತು. ಆ ವಾರದ ಲೆಕ್ಕ ಬರೆಯುವಾಗ ನಗು ಉಳಿಯಲಿಲ್ಲ. ಮೇಷ್ಟ್ರ ನಂತರ ನಮ್ಮಲ್ಲಿಗೆ ಬಂದವರನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸಬಹುದಿತ್ತು.

ಆ ತುಣುಕು ತಾಲ್ಲೂಕಿನ ಗಡಿ ದಾಟಿ ಶಿಕಾರಿಪುರದ ಕಡೆಗೂ ಹೋಗಿದೆ ಎಂದು ನನಗೆ ತಿಳಿದದ್ದು ಮಾರ್ಚ್ 21ರ ಭಾನುವಾರ, ಅಂಜನಾಪುರದ ನಮ್ಮ ಅಂಗಳದಲ್ಲಿ.

ಅಂಗಳದಲ್ಲಿ ಎಂದು ಬರೆದದ್ದಕ್ಕೆ ಕಾರಣವಿದೆ. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅಪ್ಪನ ಅಕ್ಕ, ನನ್ನ ಅತ್ತೆ. ಅವಳ ಮಗ, ನನ್ನ ಬಾವ, ಮತ್ತು ಸೊಸೆ ಜೊತೆಗಿದ್ದಾರೆ. ಮನೆ ತುಂಬಿದ ಮನೆಯೇ. ಆದರೆ ಅತ್ತೆಗೆ ಉಬ್ಬಸ. ನಾನು ದಿನವಿಡೀ ಜ್ವರ, ಕೆಮ್ಮಿನವರ ನಡುವೆ ಇರುವವಳು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಹೊಸಿಲು ದಾಟಿ ಹೊರಗೆ ಬಂದವಳು ಮತ್ತೆ ಒಳಗೆ ಹೋಗಿರಲಿಲ್ಲ. ಸೊರಬದಲ್ಲಿ ಬಾಡಿಗೆ ಕೋಣೆ ಹಿಡಿದಿದ್ದೆ. ಅತ್ತೆಗೆ ಎರಡು ಡೋಸು ಬಿದ್ದು, ಅದರ ಮೇಲೆ ಎರಡು ವಾರ ಕಳೆಯುವವರೆಗೆ ಅವಳ ಉಸಿರಿನ ಹತ್ತಿರ ಹೋಗುವುದಿಲ್ಲ. ಇದು ನಾನೇ ಹಾಕಿಕೊಂಡ ನಿಯಮ. ತಿಂಗಳಿಗೊಂದು ಭಾನುವಾರ ಬಸ್ಸಿನಲ್ಲಿ ಹೋಗಿ, ದನದ ಬಾನಿಯ ಹತ್ತಿರ ನಿಂತು ಮಾತಾಡಿ, ಜಗಲಿಯ ತುದಿಯಲ್ಲಿ ಇಟ್ಟದ್ದನ್ನು ಉಂಡು ವಾಪಸು ಬರುತ್ತಿದ್ದೆ.

ಅಂಗಳದಿಂದ ಒಳಗಿನದೆಲ್ಲ ಕಾಣುತ್ತದೆ. ನಾನು ಮಲಗುತ್ತಿದ್ದ ಮೂಲೆ, ಗೋಡೆಯ ಗೂಡಿನಲ್ಲಿ ಅತ್ತೆಯ ಬಾಚಣಿಗೆ, ನೆಲುವಿನ ಮೇಲಿನ ಮೊಸರಿನ ಗಡಿಗೆ. ಕಾಣುವುದು ಬೇರೆ, ಒಳಗೆ ಹೋಗಿ ಅವಳ ಮಗ್ಗುಲಿಗೆ ಕೂರುವುದು ಬೇರೆ. ಹಿಂದೆ ನಾನು ತಲೆಗೆ ಎಣ್ಣೆ ಹಾಕಿಸಿಕೊಳ್ಳಲು ಅವಳ ಮುಂದೆ ಕೂತರೆ, ಉಬ್ಬಸದ ಸಣ್ಣ ಸಿಳ್ಳೆ ನನ್ನ ನೆತ್ತಿಯ ಮೇಲೆಯೇ ಕೇಳುತ್ತಿತ್ತು. ಅದನ್ನು ಕೇಳಿ ವರ್ಷವಾಗಿತ್ತು.

ಆ ಭಾನುವಾರ ಅತ್ತೆ ಜಗಲಿಯ ತುದಿಗೆ ರೊಟ್ಟಿ ಎಣಿಸಿ ಇಟ್ಟಳು: "ಲಾಭ, ಎರಡು, ಮೂರು." ಕಣದಲ್ಲಿ ಭತ್ತದ ರಾಶಿ ಅಳೆಯುವಾಗ ನಮ್ಮಲ್ಲಿ ಮೊದಲ ಕೊಳಗಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಎರಡನೆಯದರಿಂದ ಮಾಮೂಲು ಎಣಿಕೆ. ಈಗ ಭತ್ತ ಮಿಷನ್ನಿನಿಂದ ನೇರ ಚೀಲಕ್ಕೆ ಬೀಳುತ್ತದೆ, ತೂಕ ಕಾಟಾದಲ್ಲಿ ಆಗುತ್ತದೆ. ಅತ್ತೆ ಮಾತ್ರ ಕೊಳಗ ಬಿಟ್ಟರೂ ಆ ಮಾತು ಬಿಟ್ಟಿಲ್ಲ. ಹಪ್ಪಳ, ಮೊಟ್ಟೆ, ಕೊನೆಗೆ ಉಬ್ಬಸದ ಪಂಪನ್ನು ಬಾಯಿಗೆ ಒತ್ತಿಕೊಳ್ಳುವುದನ್ನೂ ಲಾಭ, ಎರಡು ಎಂದೇ ಎಣಿಸುತ್ತಾಳೆ.

"ಅತ್ತೇ, ನಿಮ್ಮ ಕಡೆನೂ ಲಸಿಕೆ ಹಾಕ್ತಾ ಇದಾರೆ. ಬಾವನ ಬೈಕ್ ಮ್ಯಾಲೆ ಹೋಗಿ ಬಾ."

"ಟಿವ್ಯಾಗೆ ನೋಡೀನಿ, ಬಿಡು."

"ಏನ್ ನೋಡ್ದೆ?"

"ನಿನ್ ಕೈ ನೋಡ್ದೆ. ಮುಖಕ್ಕೆ ಏನೇನೋ ಸುತ್ಕಂಡಿದ್ದಿ, ಗುರ್ತು ಸಿಗ್ಲಿಲ್ಲ. ಆ ಹಸ್ರು ಪಟ್ಟಿ ವಾಚು ನಾನೇ ಕೊಡ್ಸಿದ್ದಲ್ಲ? ಮುಚ್ಚಳ ತೆಗೀದಂಗೆ ಚುಚ್ತಿದ್ದಿ. ಊರ ಮಂದಿಗೆ ಏನ್ ಬೇಕಾದ್ರೂ ಆಟ ಆಡು, ನನ್ ಮುಂದೆ ಬ್ಯಾಡ."

ನಡೆದದ್ದನ್ನು ಮೊದಲಿನಿಂದ ಹೇಳಿದೆ. ಅತ್ತೆ ಬಾಗಿಲ ಚೌಕಟ್ಟಿಗೆ ಒರಗಿ ಪೂರ್ತಿ ಕೇಳಿದಳು.

"ನೀ ಸುಳ್ಳು ಹೇಳ್ತಿ ಅನ್ನಲ್ಲ ಮಗಾ. ಆದ್ರ ಖರೇ ಹಾಕಿದ್ದನ್ನ ಯಾರೂ ನೋಡಿಲ್ಲ, ಸುಳ್ಳು ಹಾಕಿದ್ದನ್ನ ಎಲ್ಲಾರೂ ನೋಡ್ಯಾರೆ. ನಾ ಯಾವುದು ನಂಬ್ಲಿ?"

ಅವತ್ತಿನ ದಿನಚರಿಯಲ್ಲಿ ಅತ್ತೆಯ ಆ ಮಾತನ್ನು ಬರೆದು, ಕೆಳಗೆ ಉತ್ತರಕ್ಕೆಂದು ಜಾಗ ಬಿಟ್ಟೆ.

ಏಪ್ರಿಲಿನಲ್ಲಿ ನಲವತ್ತೈದು ದಾಟಿದವರಿಗೂ ಲಸಿಕೆ ಶುರುವಾಯಿತು. ಕೇಂದ್ರಕ್ಕೆ ಬಾರದ ಜನರ ಹತ್ತಿರ ನಾವೇ ಹೋಗೋಣವೆಂದು ಗುರುವಾರಗಳಂದು ಉಳವಿ ಕಡೆಯ ಒಂದು ಶಾಲೆಯಲ್ಲಿ ಕೂರುವುದೆಂದಾಯಿತು. ಶಾಲೆ ರಸ್ತೆಗೆ ಅಂಟಿಕೊಂಡಿದೆ, ಎದುರಿಗೆ ಬಸ್ಸು ನಿಲ್ಲುತ್ತದೆ, ಆಲದ ಕಟ್ಟೆಯ ಮೇಲೆ ಯಾವಾಗಲೂ ನಾಲ್ಕಾರು ಜನ. ಕಂಪೌಂಡಿಗೆ ಬ್ಯಾನರ್ ಕಟ್ಟಿದೆವು.

ನಮ್ಮ ಲಸಿಕೆಯ ಒಂದು ಬಾಟ್ಲಿಯಲ್ಲಿ ಹತ್ತು ಜನರಿಗಾಗುವಷ್ಟು ಔಷಧಿ. ಮುಚ್ಚಳ ತೆಗೆದ ಹೊತ್ತನ್ನು ಬಾಟ್ಲಿಯ ಮೇಲೆ ಬರೆಯಬೇಕು; ನಾಲ್ಕು ಗಂಟೆಯೊಳಗೆ ಮುಗಿಯದಿದ್ದರೆ ಉಳಿದದ್ದನ್ನು ಬಿಸಾಡಬೇಕು, ಬಿಸಾಡಿದ್ದಕ್ಕೆ ಕಾರಣ ಕೊಡಬೇಕು. ಆದ್ದರಿಂದ ವೈದ್ಯಾಧಿಕಾರಿಗಳ ಸೂಚನೆ ಖಚಿತವಾಗಿತ್ತು: ಹತ್ತು ಜನ ಸೇರದೆ ಬಾಟ್ಲಿ ತೆರೆಯಬೇಡಿ. ಅದು ತಪ್ಪು ಸೂಚನೆಯೂ ಅಲ್ಲ. ಲಸಿಕೆ ನೀರಿನಂತೆ ಸಿಗುತ್ತಿರಲಿಲ್ಲ.

ಏಪ್ರಿಲ್ 8ರಂದು ಮೂವರು ಬಂದರು. ಮಧ್ಯಾಹ್ನದವರೆಗೆ ಕಾಯಿಸಿದೆ. ನಾಲ್ಕನೆಯವರು ಬರಲಿಲ್ಲ. ಮುಂದಿನ ವಾರ ಬನ್ನಿ ಎಂದು ಕೈಮುಗಿದು ಕಳಿಸಿದೆ. ಅದೇ ಸಂಜೆ ಅಕ್ಕ ಫೋನು ಮಾಡಿದರು.

"ಕೇಳ್ದ್ಯನೇ? ಇಡೀ ಊರಲ್ಲಿ ಒಂದೇ ಮಾತು. 'ಹೋದ್ರೂ ಹಾಕಲ್ಲ. ಬಾಟ್ಲಿ ಇಟ್ಕಂಡಿರೂದು ಟಿವಿಗೆ ತೋರ್ಸೂಕೆ, ಒಳಗೆ ಎಂತದೂ ಇಲ್ಲ' ಅಂತ."

ಅಂದರೆ ಜನ ಬಾರದೆ ಬಾಟ್ಲಿ ತೆರೆಯುವಂತಿಲ್ಲ, ಬಾಟ್ಲಿ ತೆರೆಯದೆ ಜನ ಬರುವಂತಿಲ್ಲ. ಮುಂದಿನ ಗುರುವಾರದವರೆಗೆ ಈ ಗಂಟು ನನ್ನ ತಲೆಯಲ್ಲೇ ಇತ್ತು. ಅತ್ತೆಯ ಮಾತೂ ಅದರ ಪಕ್ಕದಲ್ಲೇ ಇತ್ತು.

ಏಪ್ರಿಲ್ 15. ಹಿಂದಿನ ವಾರದ ಮೂವರೂ ಬರಲಿಲ್ಲ. ನಾನು, ಅಕ್ಕ, ಗುರುತಿನ ಚೀಟಿ ನೋಡಿ ಮೊಬೈಲಿನಲ್ಲಿ ಹೆಸರು ಸೇರಿಸುವ ಒಬ್ಬ ಹುಡುಗಿ, ಮತ್ತು ಐಸಿನ ನಡುವೆ ತಣ್ಣಗಿದ್ದ ಬಾಟ್ಲಿಗಳು. ಕಟ್ಟೆಯ ಮೇಲಿನವರು ನಮ್ಮನ್ನು ನೋಡುತ್ತಿದ್ದರು, ನಾವು ಅವರನ್ನು ನೋಡುತ್ತಿದ್ದೆವು. ಹತ್ತೂವರೆಯ ಸುಮಾರಿಗೆ ಸೊರಬದ ಕಡೆಯಿಂದ ಬಂದ ಖಾಸಗಿ ಬಸ್ಸು ನಿಂತು, ಒಬ್ಬ ಹೆಂಗಸು ಇಳಿದು, ಬಸ್ಸು ಹೊರಟ ಮೇಲೆ ಬ್ಯಾನರನ್ನು ಇನ್ನೊಮ್ಮೆ ಓದಿ ಒಳಗೆ ಬಂದರು. ಅರವತ್ತರ ಆಸುಪಾಸು. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ಬಾಯಿ ಕಟ್ಟಿದ ಸ್ಟೀಲಿನ ಡಬ್ಬಿ.

"ಯವ್ವಾ, ಸೂಜಿ ಇಲ್ಲೇ ಏನ್ ಹಾಕೋದು?"

ಶಿಕಾರಿಪುರದ ಕಡೆಯ ಮಾತು. ಆ ರಾಗ ಕೇಳಿ ನಾನು ಎದ್ದು ನಿಂತೆ.

"ಹೌದಮ್ಮ. ಆದ್ರೆ ಹತ್ತು ಜನ ಆಗ್ಬೇಕು. ಸ್ವಲ್ಪ ಕೂತಿರಿ."

"ಹತ್ತು ಮಂದಿ ನಾ ಎಲ್ಲಿಂದ ತರ್ಲಿ? ಬಸ್ಸಿನಾಗೆ ಹೊಂಟಿದ್ದೆ, ಬೋರ್ಡು ಕಂಡ್ತು, ಇಳ್ದೀನಿ. ಮಗಳ ಮನಿಗೆ ಹೊಂಟೀನಿ, ಸಾಗರದ ಕಡೆ. ಬಾಣಂತನಕ್ಕೆ ಕರ್ಕಂಬರಾಣ ಅಂದ್ರ ಈ ರೋಗದ ದೆಸಿಂದ ಆಗ್ಲಿಲ್ಲ, ಅಲ್ಲೇ ಹೆತ್ತಾಳೆ. ಗಂಡು ಕೂಸು. ಫೋಟೋದಾಗೆ ನೋಡೀನಿ ಅಷ್ಟೇ. 'ಸೂಜಿ ಹಾಕಿಸ್ಕಂಡು ಬಾ ಅವ್ವ, ಇಲ್ಲಾಂದ್ರ ಕೂಸು ಮುಟ್ಟಬ್ಯಾಡ' ಅಂದಾಳೆ. ಈಗ ನೀನು ನೋಡಿದ್ರ ಹತ್ತು ಮಂದಿ ಅಂತೀ."

ಕಟ್ಟೆಯ ಮೇಲಿನ ಮುದುಕರೊಬ್ಬರು ಅಲ್ಲಿಂದಲೇ ಕೂಗಿದರು: "ಅಮ್ಮಾ, ಸುಮ್ನೆ ಎಂತಕ್ಕೆ ಕಾಯ್ತೀರಿ? ಅದು ಬರಿ ಟಿವಿ ಬಾಟ್ಲಿ. ಕ್ಯಾಮೆರಾ ಬರ್ದೆ ಮುಚ್ಚಳ ತೆಗ್ಯಲ್ಲ!"

ಕಟ್ಟೆ ಪೂರ್ತಿ ನಕ್ಕಿತು. ಆ ಹೆಂಗಸು ನಗಲಿಲ್ಲ. ನನ್ನನ್ನೇ ನೋಡಿದರು.

"ಖರೇನಾ ಯವ್ವಾ? ತೆಗಿಯೋದಿಲ್ಲೇನು?"

ಇಲ್ಲ ಎಂದಿದ್ದರೆ ಸೂಚನೆ ಪಾಲಿಸಿದಂತಾಗುತ್ತಿತ್ತು. ವೈದ್ಯಾಧಿಕಾರಿಗಳಿಗೆ ಫೋನು ಮಾಡಿ ಕೇಳಬಹುದಿತ್ತು. ಏನು ಹೇಳುತ್ತಾರೆಂದು ಗೊತ್ತಿದ್ದರಿಂದ ಮಾಡಲಿಲ್ಲ. ಒಂಬತ್ತು ಡೋಸು ಹಾಳಾದರೆ ಹಾಳಾಗಲಿ, ಇವತ್ತು ಈ ಬಾಟ್ಲಿ ಜನರ ಎದುರಿಗೆ ತೆರೆಯಬೇಕು ಎಂದು ನಿರ್ಧರಿಸಿದೆ. ಅಕ್ಕನಿಗೆ ಹೇಳಿದೆ, "ಪರದೆ ತೆಗೀರಿ. ಮೇಜು ಹೊರಗೆ ತರೋಣ."

ಹೆಂಗಸರು ತೋಳು ತೋರಿಸಲು ಸಂಕೋಚಪಡುತ್ತಾರೆಂದು ನಾವು ಯಾವಾಗಲೂ ಪರದೆ ಕಟ್ಟುತ್ತಿದ್ದೆವು. ಆಕೆಯನ್ನೇ ಕೇಳಿದೆ, ಎಲ್ಲರಿಗೂ ಕಾಣುವಂತೆ ಹಾಕಬಹುದೇ ಎಂದು. "ಗದ್ದಿ ನೆಟ್ಟಿ ಮಾಡಿದ ರಟ್ಟಿ ಇದು, ಯಾರ್ ನೋಡಿದ್ರೇನು," ಎಂದು ಜಗಲಿಯ ಕುರ್ಚಿಯಲ್ಲಿ ಕೂತರು. ಹೆಸರು ಸೇರಿಸಲು ಒಂದು ಫೋನ್ ನಂಬರು ಬೇಕು, ಅವರ ಹತ್ತಿರ ಫೋನಿರಲಿಲ್ಲ. ಬಸ್ಸಿನಲ್ಲಿ ಪಕ್ಕಕ್ಕೆ ಕೂತಿದ್ದ ಹುಡುಗನ ನಂಬರನ್ನು ಇದಕ್ಕೇ ಬೇಕಾದೀತೆಂದು ಚೀಟಿಯಲ್ಲಿ ಬರೆಸಿಕೊಂಡು ಬಂದಿದ್ದರು. ದಾಖಲೆಗೆ ಅದೇ ಬಿತ್ತು.

ಬಾಟ್ಲಿಯನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದೆ. ಮುಚ್ಚಳ ತೆಗೆದೆ, ಟಕ್ ಎಂಬ ಸದ್ದು ಕಟ್ಟೆಯವರೆಗೂ ಕೇಳಿಸಿತೇನೋ, ಮಾತು ನಿಂತಿತು. ಹೊತ್ತು ಬರೆದೆ. ಸಿರಿಂಜು ಬಿಡಿಸಿದೆ, ಸೂಜಿಯ ಮುಚ್ಚಳ ತೆಗೆದು ಅದನ್ನೂ ಎತ್ತಿ ತೋರಿಸಿ ತಟ್ಟೆಗೆ ಹಾಕಿದೆ. ಔಷಧಿ ಎಳೆದುಕೊಂಡೆ. ಅವರು ರವಿಕೆಯ ತೋಳು ಮೇಲೆ ಸರಿಸಿದರು. ರಟ್ಟೆಯ ಮೇಲೆ ಹಿಂದಿನ ಕಾಲದ ಸಿಡುಬಿನ ಲಸಿಕೆಯ ಎರಡು ದುಂಡು ಅಚ್ಚು, ಒಂದರ ಪಕ್ಕ ಒಂದು, ನಾಣ್ಯ ಒತ್ತಿದಂತೆ.

ನನಗೆ ಕೆಲಸ ಮಾಡುವಾಗ ಬಾಯಲ್ಲಿ ಎಣಿಸುವ ಅಭ್ಯಾಸ. "ಒಂದು," ಎಂದೆ.

ಅವರು ತೋಳು ಹಿಂದಕ್ಕೆಳೆದುಕೊಂಡರು.

"ಏ, ಒಂದು ಅನ್ನಬ್ಯಾಡ. ಲಾಭ ಅನ್ನು."

ಆ ಮಾತನ್ನು ನಾನು ಮನೆಯ ಹೊರಗೆ ಕೇಳಿ ಎಷ್ಟೋ ವರ್ಷಗಳಾಗಿದ್ದವು.

"ಲಾಭ," ಎಂದು ಚುಚ್ಚಿದೆ.

ಕಟ್ಟೆಯ ಮೇಲಿನ ಮುದುಕರು ಎದ್ದು ಕಂಪೌಂಡಿನವರೆಗೆ ಬಂದಿದ್ದರು. "ಎಂತ ಅಂದ್ರೀ? ಲಾಭ ಅಂದ್ರಾ?"

"ಹೂನ್ರೀ, ಲಾಭ. ಮೊದಲ್ನೇದು ನಂದು," ಎಂದರು ಆಕೆ, ಹತ್ತಿ ಒತ್ತಿಕೊಳ್ಳುತ್ತ. "ಟಿವಿ ಬಾಟ್ಲಿ ಅಂದ್ರಲ್ಲ, ಬರ್ರಿ ನೋಡ್ರಿ. ರಗತ ಬಂದೈತಿ."

ಮುದುಕರು ಹತ್ತಿಯ ಮೇಲಿನ ಚುಕ್ಕೆಯನ್ನು ಬಗ್ಗಿ ನೋಡಿದರು. ಬಾಟ್ಲಿ ನೋಡಿದರು. ತಟ್ಟೆಯಲ್ಲಿದ್ದ ಸೂಜಿಯ ಮುಚ್ಚಳ ನೋಡಿದರು.

"ಲಾಭ ಅಂದು ಅಷ್ಟಕ್ಕೇ ಕೊಳಗ ಕೆಳಗಿಡಬಾರ್ದು, ಅದು ರಾಶಿಗೆ ಒಳ್ಳೇದಲ್ಲ," ಎಂದರು ತಮ್ಮಷ್ಟಕ್ಕೆ. ಆಮೇಲೆ ಕಟ್ಟೆಯ ಕಡೆ ತಿರುಗಿ, "ಏ ತಮ್ಮಾ, ಮನೆಗೆ ಹೋಗಿ ನನ್ನ ಆಧಾರ್ ಕಾರ್ಡ್ ತಗಬಾರೋ. ಎರಡು ಯಾರಾದ್ರೂ ಆಗ್ಲೇಬೇಕಲ್ಲ."

"ಅಜ್ಜಯ್ಯ, ನಿಂಗೆ ಟಿವೀಲಿ ಬರೂಲ್ಲ, ನೋಡ್ಕೋ!" ಎಂದು ಯಾರೋ ಕೂಗಿದರು.

"ನನ್ನ ಮುಸುಡಿ ನೋಡಿದ್ರೆ ಟಿವಿ ಒಡೀತದೆ, ಸುಮ್ನಿರಾ."

ಅವರು ಎರಡು. ಅವರ ತಮ್ಮನ ಹೆಂಡತಿ ಮೂರು. ಹಿಂದಿನ ವಾರ ವಾಪಸು ಹೋಗಿದ್ದ ಮೂವರಲ್ಲಿ ಇಬ್ಬರನ್ನು ಅಕ್ಕ ಓಡಿಹೋಗಿ ಕರೆತಂದರು.

ಇದರ ನಡುವೆ ಒಂದು ಮಾತು ನಡೆಯಿತು. ಈ ಬರಹಕ್ಕೆ ಅದೇ ಕಾರಣ. ಲಸಿಕೆ ಹಾಕಿದ ಮೇಲೆ ಪ್ರತಿಯೊಬ್ಬರಿಗೂ ಹೇಳಬೇಕಾದದ್ದನ್ನು ನಾನು ಆ ಹೆಂಗಸಿಗೂ ಹೇಳುತ್ತಿದ್ದೆ: ಜ್ವರ ಬರಬಹುದು, ಅರ್ಧ ಗಂಟೆ ಇಲ್ಲೇ ಕೂರಬೇಕು, ಎರಡನೆಯದಕ್ಕೆ ಮತ್ತೆ ಬರಬೇಕು. ಅವರು ತಲೆಯಾಡಿಸಿ, ಡಬ್ಬಿಯನ್ನು ಮಡಿಲಿಗೆ ಎತ್ತಿಕೊಂಡು ಕೇಳಿದರು:

"ಹಂಗಾರ ಇವತ್ತೇ ಕೂಸು ಎತ್ಕಬೋದಲ್ಲ?"

ಹೂಂ ಎನ್ನುವುದು ಸುಲಭವಿತ್ತು. ಅವರಿಂದಾಗಿ ಇಡೀ ಬೆಳಿಗ್ಗೆ ತಿರುಗಿಕೊಂಡಿತ್ತು. ಆದರೆ ನಾನು ಅತ್ತೆಗಾಗಿ ಹಾಕಿಕೊಂಡಿದ್ದ 'ಎರಡು ಡೋಸು, ಎರಡು ವಾರ'ದ ನಿಯಮವನ್ನು ಇವರಿಗೆ ಹೇಗೆ ಸಡಿಲಿಸಲಿ?

"ಇವತ್ತೇ ಬಲ ಬರಲ್ಲಮ್ಮ. ಕೆಲವು ವಾರ ಬೇಕು. ಎರಡನೇದೂ ಆಗ್ಬೇಕು. ಅಲ್ಲಿವರೆಗೆ ಮಾಸ್ಕ್ ಹಾಕ್ಕೊಂಡು, ಸ್ವಲ್ಪ ದೂರದಿಂದ..."

"ದೂರದಿಂದ," ಎಂದರು.

ಅರ್ಧ ಗಂಟೆ ಅವರು ಡಬ್ಬಿಯ ಗಂಟನ್ನು ಬಿಚ್ಚುತ್ತ, ಮತ್ತೆ ಕಟ್ಟುತ್ತ ಕೂತಿದ್ದರು. ನಾನು ಐದನೆಯವರಿಗೆ ಔಷಧಿ ಎಳೆದುಕೊಳ್ಳುತ್ತಿದ್ದಾಗ ಬಸ್ಸಿನ ಹಾರನ್ನು ಕೇಳಿತು. ತಲೆ ಎತ್ತಿದಾಗ ಕುರ್ಚಿ ಖಾಲಿ. ಆ ಹೊತ್ತಿಗೆ ಅಲ್ಲಿ ಎರಡೂ ಕಡೆಯ ಬಸ್ಸುಗಳು ದಾಟಿಹೋಗುತ್ತವೆ, ಒಂದು ಸಾಗರಕ್ಕೆ, ಒಂದು ಸೊರಬಕ್ಕೆ ವಾಪಸು. ಅವರು ಯಾವುದನ್ನು ಹತ್ತಿದರೆಂದು ಅಕ್ಕನೂ ನೋಡಿರಲಿಲ್ಲ.

ಆ ದಿನ ಏಳು ಜನ ಆದರು. ಹೊತ್ತು ಮೀರಿದ ಮೇಲೆ ಮೂರು ಡೋಸು ಉಳಿದ ಬಾಟ್ಲಿಯನ್ನು ಪಕ್ಕಕ್ಕಿಟ್ಟೆ. ಸಂಜೆ ವೈದ್ಯಾಧಿಕಾರಿಗಳು ವರದಿ ನೋಡಿ, "ಎಷ್ಟು ಜನ ಇದ್ದಾಗ ತೆರೆದೆ?" ಎಂದು ಕೇಳಿದರು.

"ಒಬ್ಬರು, ಸರ್."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಕಾರಣ ಬರೆದುಕೊಡು. ನಾನು ಸಹಿ ಹಾಕ್ತೀನಿ," ಎಂದು ಕಾಗದ ನನ್ನ ಕಡೆ ತಳ್ಳಿದರು. "ಮುಂದಿನ ವಾರನೂ ಪರದೆ ಬೇಡ." ಮುಂದಿನ ಗುರುವಾರ ಮೊದಲ ಬಾಟ್ಲಿ ಪೂರ್ತಿ ಮುಗಿದು, ಎರಡನೆಯದನ್ನು ತೆರೆದೆವು. ಬಂದವರಲ್ಲಿ ಅರ್ಧ ಜನ "ಲಾಭ ಯಾರು ಇವತ್ತು?" ಎಂದು ಕೇಳಿಕೊಂಡೇ ಬಂದರು.

15ರ ಸಂಜೆ ಕೋಣೆಗೆ ಬಂದು ಕೈತೊಳೆದು ಅತ್ತೆಗೆ ಫೋನು ಮಾಡಿದೆ. ನಡೆದದ್ದನ್ನು ಹೇಳಿದೆ. ಆಚೆಯಿಂದ ಸಿಳ್ಳೆಯಂಥ ಉಸಿರು ಮಾತ್ರ ಕೇಳುತ್ತಿತ್ತು.

"ಲಾಭ ಅಂದ್ಲಾ ಆಯವ್ವ?"

"ಹೂಂ. ನಾನು ಒಂದು ಅಂದಿದ್ದಕ್ಕೆ ಬೈದ್ರು."

"ಬೈಬೇಕಾದ್ದೇ. ನಾ ಅಷ್ಟು ಹೇಳ್ಕೊಟ್ಟೂ ಒಂದು ಅಂತೀಯಲ್ಲ." ಉಸಿರು ಎಳೆದುಕೊಂಡು, "ಸುಳ್ಳು ಅಳೆಯೋ ಕಡೆ ಯಾರೂ ಲಾಭ ಅನ್ನಲ್ಲ ಮಗಾ. ಹಾಕಿಸ್ಕಂತೀನಿ. ಆದ್ರ ನಿನ್ ಕೈಲೇ ಆಗ್ಬೇಕು. ಟಿವ್ಯಾಗೆ ನೋಡಿದ ಕೈ, ಎದುರಿಗೆ ನೋಡ್ಬೇಕು."

ಆ ಮಾತಿಗೆ ನಾನು ಬೇಡ ಎನ್ನಲಿಲ್ಲ. ಏಪ್ರಿಲ್ 29ರ ಗುರುವಾರ ಬಾವ ಅವಳನ್ನು ಬಸ್ಸಿನಲ್ಲಿ ಆ ಶಾಲೆಗೇ ಕರೆತರುವುದೆಂದು ನಿಶ್ಚಯವಾಯಿತು. ಮಾಸ್ಕು, ಮುಖದ ಪಾರದರ್ಶಕ ಹಾಳೆ, ಕೈಗವಸು ಎಲ್ಲ ಹಾಕಿಕೊಂಡಾದರೂ ಅವಳ ರಟ್ಟೆಯನ್ನು ನನ್ನ ಎಡಗೈಯಲ್ಲಿ ಹಿಡಿಯಬಹುದು. ಲಸಿಕೆ ಹಾಕಲು ಬೇಕಾಗುವುದು ಕೆಲವು ಕ್ಷಣ. ಆ ಕೆಲವು ಕ್ಷಣವನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಮಾಡಿ ನೋಡಿದೆನೆಂಬುದಕ್ಕೆ ಲೆಕ್ಕವಿಟ್ಟಿಲ್ಲ.

27ರ ರಾತ್ರಿಯಿಂದ ಬಸ್ಸುಗಳು ನಿಂತವು, ಓಡಾಟ ಬಂದಾಯಿತು. ಕಾಯಿಲೆ ಎರಡನೆಯ ಸಲ ಏರಿಬಂದಿತ್ತು. ಮೇ ಹುಟ್ಟುವ ಹೊತ್ತಿಗೆ ಲಸಿಕೆಯೂ ತೀರತೊಡಗಿತು. ಹಿಂದೆ ಖಾಲಿ ಕುರ್ಚಿ ಕಂಡಿದ್ದ ನಾವೇ ಈಗ ಬಾಗಿಲಲ್ಲಿ ಇಲ್ಲ ಇಲ್ಲ ಎನ್ನಬೇಕಾಯಿತು. ಮೇ 3ರಂದು ಅತ್ತೆಯ ಕಡೆಯ ಕೇಂದ್ರದಲ್ಲಿರುವ ಸ್ನೇಹಿತೆ ಹೇಳಿದಳು: ನಾಳೆಗೆ ಮಾತ್ರ ಇದೆ, ಆಮೇಲೆ ಯಾವಾಗ ಬರುತ್ತದೋ ಗೊತ್ತಿಲ್ಲ.

"ಅತ್ತೇ, ನಾಳೆ ಅಲ್ಲೇ ಹಾಕಿಸ್ಕೋ. ನನ್ ಕೈಗೆ ಕಾಯಬ್ಯಾಡ."

"ನಿನ್ ಕೈಲಿ ಅಂದಿದ್ದೆ."

"ಹೂಂ. ಆದ್ರೂ ಹೋಗು."

"ಅಷ್ಟು ಅರ್ಜೆಂಟ್ ಏನೈತಿ? ಬಸ್ಸು ಬಿಟ್ಟ ಮ್ಯಾಲೆ..."

"ಬಸ್ಸು ಬಿಡೋತನಕ ನೀ ಇರ್ಬೇಕಲ್ಲ ಅತ್ತೆ!"

ಜೋರಾಗಿ ಅಂದುಬಿಟ್ಟಿದ್ದೆ. "ಆತು ಬಿಡು," ಎಂದು ಫೋನಿಟ್ಟಳು.

ಮೇ 4, ಮಂಗಳವಾರ. ಬಾವ ಕೇಂದ್ರದಿಂದ ವಿಡಿಯೋ ಕಾಲ್ ಮಾಡಿದರು. ನಾನು ನಮ್ಮ ಕೇಂದ್ರದ ಹಿಂದಿನ ಮೆಟ್ಟಿಲಲ್ಲಿ ನಿಂತಿದ್ದೆ. ಪರದೆಯಲ್ಲಿ ಅತ್ತೆಯ ಭುಜ, ಕೆಂಪು ರವಿಕೆ, ಯಾರದೋ ಕೈಗವಸಿನ ಕೈ. ಸೂಜಿ ಹತ್ತಿರ ಬಂತು. ಅಷ್ಟಕ್ಕೇ ಚಿತ್ರ ನಿಂತುಬಿಟ್ಟಿತು. ಮುಚ್ಚಳ ಇದೆಯೋ ತೆಗೆದಿದೆಯೋ ಎಂದು ಬೆರಳಲ್ಲಿ ಹಿಗ್ಗಿಸಿ ನೋಡಿದೆ, ಬರಿ ಮಸುಕು. ಔಷಧಿ ಎಳೆದದ್ದು ನಾನು ನೋಡಿಲ್ಲ, ಚುಚ್ಚಿದ್ದು ನೋಡಿಲ್ಲ. ಹೋಟ್ಲಿನಲ್ಲಿ ಮೇಷ್ಟ್ರನ್ನು ನೋಡುತ್ತ ಕೂತವರ ಜಾಗದಲ್ಲಿ ಈಗ ನಾನಿದ್ದೆ. ಸರಿಯಾಗಿ ಆಯಿತೇ, ಪೂರ್ತಿ ಹೋಯಿತೇ?

ಚಿತ್ರ ಬರಲಿಲ್ಲ. ದನಿ ಬಂತು.

"ಒಂದು ಅನ್ನಬ್ಯಾಡ ಯವ್ವಾ. ಲಾಭ ಅನ್ನು... ಹಾಂ. ಲಾಭ."

ಮೊಬೈಲನ್ನು ಕಿವಿಗೆ ಒತ್ತಿ ಹಿಡಿದೆ. ಮಾರ್ಚ್ 21ರ ಪುಟದಲ್ಲಿ ಅತ್ತೆಯ ಪ್ರಶ್ನೆಯ ಕೆಳಗೆ ಬಿಟ್ಟಿದ್ದ ಜಾಗದಲ್ಲಿ ಅವತ್ತು ಅದನ್ನೇ ಬರೆದೆ.

ಎರಡು ಡೋಸಿನ ನಡುವಿನ ಅಂತರ ಬೆಳೆಯುತ್ತ ಹೋಯಿತು. ಅತ್ತೆಯ ಎರಡನೆಯದು ಆಗಿ, ಎರಡು ವಾರ ಕಳೆದು, ನಾನು ಆ ಹೊಸಿಲು ದಾಟಿದಾಗ ಆಗಸ್ಟ್ 22, ಭಾನುವಾರ. ಅತ್ತೆ ರಟ್ಟೆ ತೋರಿಸಿದಳು. ಅಲ್ಲಿ ಗುರುತೇನೂ ಉಳಿದಿರಲಿಲ್ಲ. "ಇಲ್ಲೇನು?" ಎಂದು ಹೆಬ್ಬೆರಳಿಟ್ಟೆ. "ಅಲ್ಲ, ಇಷ್ಟು ಮ್ಯಾಲೆ," ಎಂದು ನನ್ನ ಬೆರಳನ್ನು ಹಿಡಿದು ಸರಿಸಿದಳು, ಆಮೇಲೆ ಬಿಡಲಿಲ್ಲ. ನನ್ನ ತಲೆಗೆ ಎಣ್ಣೆ ಹಾಕುವಾಗ ಕೇಳಿದಳು: "ಆಯವ್ವ ಕೂಸು ಎತ್ಕಂಡ್ಲೇನು?"

ನನಗೆ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ. ಚೀಟಿಯಲ್ಲಿದ್ದ ನಂಬರಿಗೆ ಫೋನು ಮಾಡಿದ್ದೇನೆ. ಆ ಹುಡುಗನಿಗೆ ಬಸ್ಸಿನ ಅಜ್ಜಿಯ ನೆನಪಿದೆ, ಊರು ಗೊತ್ತಿಲ್ಲ. ಎರಡನೆಯ ಡೋಸಿನ ಸಂದೇಶ ಅವನಿಗೆ ಬಂದಿಲ್ಲ. ಬೇರೆ ನಂಬರು ಕೊಟ್ಟು ಹಾಕಿಸಿಕೊಂಡಿರಲೂಬಹುದು. ಅವರ ಹೆಸರು ನಮ್ಮ ಕಡೆ ಊರಿಗೆ ಹತ್ತು ಜನರಿಗಿರುವ ಹೆಸರು. ಹಾಗಾಗಿ ಇಲ್ಲಿ ಬರೆದು ಪ್ರಯೋಜನವಿಲ್ಲ, ಅವರನ್ನು ಕೇಳದೆ ಬರೆಯುವುದು ಸರಿಯೂ ಅಲ್ಲ.

ಇದನ್ನು ಓದುವವರಲ್ಲಿ ಸಾಗರದ ಕಡೆ ಸೊಸೆಯಾಗಿ ಹೋದ, 2021ರ ಬೇಸಿಗೆಗೆ ಸ್ವಲ್ಪ ಮುಂಚೆ ಗಂಡು ಮಗು ಹೆತ್ತ, ಶಿಕಾರಿಪುರದ ಕಡೆಯ ತವರಿನವರು ಯಾರಾದರೂ ಇದ್ದರೆ, ನಿಮ್ಮ ಅವ್ವನ ರಟ್ಟೆ ನೋಡಿ. ಒಂದರ ಪಕ್ಕ ಒಂದು ಎರಡು ದುಂಡು ಅಚ್ಚು ಇದ್ದರೆ, ಅವರೇ. ಆ ದಿನ ಅವರು ಹತ್ತಿದ್ದು ಯಾವ ಬಸ್ಸು? ಡಬ್ಬಿಯಲ್ಲಿದ್ದದ್ದು ನಿಮ್ಮ ಮನೆ ಮುಟ್ಟಿತೇ? ನೀವಲ್ಲದಿದ್ದರೂ ಗೊತ್ತಿರುವವರು ಈ ಪತ್ರಿಕೆಗೆ ಒಂದು ಸಾಲು ಬರೆಯಿರಿ, ನನಗೆ ತಲುಪುತ್ತದೆ. ಮಗು ಈಗ ಶಾಲೆಗೆ ಹೋಗುವ ವಯಸ್ಸಿನದು, ಎತ್ತಿಕೊಳ್ಳುವ ವಯಸ್ಸು ದಾಟಿರುತ್ತದೆ. ಆದರೂ ಅಜ್ಜಿ ಅದನ್ನು ಮೊದಲ ಸಲ ಎತ್ತಿಕೊಂಡದ್ದು ಯಾವಾಗ ಎಂದು ತಿಳಿಸಿ. ಅತ್ತೆ ಕೇಳುತ್ತಲೇ ಇದ್ದಾಳೆ.